ಎಳೆ ಕಣಗಳು ಬಲಿತವು, ತಮ್ಮ ಉಳಿದ

ತಮ್ಮನ ಪಿಸಿಆರ್ ರಿಪೋರ್ಟ್, ಅಂದರೆ ರಕ್ತದ ಕ್ಯಾನ್ಸರಿನ ಗುರುತು ಇನ್ನೂ ಉಳಿದಿದೆಯಾ ಅಂತ ನೋಡುವ ಟೆಸ್ಟ್, ಈ ಸಲವೂ ನೆಗೆಟಿವ್ ಬಂದಿದೆ. ಚಿಕಿತ್ಸೆಯ ಕೊನೆಯ ಸುತ್ತು ಮುಗಿಯಿತು. "ಇನ್ನು ಡ್ರಿಪ್ ಇಲ್ಲ, ಮಾತ್ರೆ ಇಲ್ಲ. ಹೇಳಿದಾಗ ಬಂದು ಟೆಸ್ಟ್ ಮಾಡಿಸ್ಕೊಂಡು ಹೋಗಿ, ಸಾಕು" ಅಂತ ಡಾಕ್ಟರ್ ಹೇಳಿದರು. ಇಷ್ಟು ದಿನ ಫೋನ್ ಮಾಡಿದವರಿಗೆಲ್ಲ "ಆಮೇಲೆ ಹೇಳ್ತೀನಿ" ಅಂತ ಇಟ್ಟುಬಿಡುತ್ತಿದ್ದೆ. ಈಗ ಎಲ್ಲ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಆದರೂ ಓದಿ. ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ. ಅದರಲ್ಲಿ ಕೆಲವರನ್ನು ನಾವು ಕಣ್ಣಾರೆ ನೋಡಿಯೇ ಇಲ್ಲ.

ತಮ್ಮನಿಗೆ 26 ವರ್ಷ. ಬೆಂಗಳೂರಿನ ಅವೆನ್ಯೂ ರಸ್ತೆಯ ಒಂದು ಪುಸ್ತಕದ ಅಂಗಡಿಯಲ್ಲಿ ಕೆಲಸ. ಅವನಿಗೆ ಬಂದಿದ್ದು ಅಕ್ಯೂಟ್ ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ. ಡಾಕ್ಟರುಗಳು ಚಿಕ್ಕದಾಗಿ ಎಪಿಎಲ್ ಅನ್ನುತ್ತಾರೆ. ರಕ್ತದ ಕ್ಯಾನ್ಸರಿನಲ್ಲೇ ಒಂದು ಬಗೆ. 1957ರಲ್ಲಿ ನಾರ್ವೆಯ ಲೀಫ್ ಹಿಲ್ಲೆಸ್ಟಾಡ್ ಎಂಬ ಡಾಕ್ಟರ್ ಮೂವರು ರೋಗಿಗಳನ್ನು ನೋಡಿ, ಇದು ಬೇರೆಯೇ ಕಾಯಿಲೆ ಅಂತ ಮೊದಲು ಬರೆದರು. ವಿಪರೀತ ರಕ್ತಸ್ರಾವ, ಕೆಲವೇ ವಾರಗಳಲ್ಲಿ ಸಾವು. ಅವರಿಗೆ ಕಂಡಿದ್ದು ಅಷ್ಟೇ. ಅದೇ ಕಾಯಿಲೆ ಇವತ್ತು, ಹೊತ್ತಿಗೆ ಸರಿಯಾಗಿ ಗೊತ್ತಾದರೆ, ಲ್ಯುಕೇಮಿಯಾಗಳಲ್ಲಿ ತುಂಬಾ ಚೆನ್ನಾಗಿ ವಾಸಿಯಾಗುವ ಬಗೆಗಳಲ್ಲಿ ಒಂದು. ಅಲ್ಲಿಂದ ಇಲ್ಲಿಗೆ ಬರುವುದಕ್ಕೆ ಎಷ್ಟು ಜನ ದುಡಿದಿದ್ದಾರೆ ಅಂತ ನನಗೆ ತಿಳಿದಿದ್ದು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಕೂತು.

ಮೊದಲ ಥ್ಯಾಂಕ್ಸ್ ನಮ್ಮ ಏರಿಯಾದ ಸಣ್ಣ ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿಗೆ. ಹಲ್ಲುಜ್ಜುವಾಗ ತಮ್ಮನ ಒಸಡಿನಲ್ಲಿ ರಕ್ತ ಬರುತ್ತಿತ್ತು, ನಿಲ್ಲುತ್ತಿರಲಿಲ್ಲ. ತೊಡೆಯ ಮೇಲೆ ನೀಲಿ ಕಲೆಗಳಿದ್ದವು. ಎಲ್ಲಿ ಏಟು ಬಿತ್ತು ಅಂದರೆ ಎಲ್ಲೂ ಇಲ್ಲ ಅಂದ. ಮಳೆಗಾಲ, ಬೀದಿಗೊಬ್ಬರಿಗೆ ಡೆಂಗಿ. ನಾವೂ ಅದೇ ಇರಬೇಕು ಅಂದುಕೊಂಡು ರಕ್ತ ಕೊಟ್ಟು ಬಂದೆವು. ಪ್ಲೇಟ್‌ಲೆಟ್ 14 ಸಾವಿರ ಇತ್ತು. ಡೆಂಗಿಯಲ್ಲೂ ಅಷ್ಟು ಇಳಿಯುತ್ತೆ ಅಲ್ವಾ, ಮೆಷಿನ್ ಕೊಟ್ಟ ಚೀಟಿಯನ್ನು ಹಾಗೇ ಕಳಿಸಿಬಿಡಬಹುದಿತ್ತು. ಆ ಹುಡುಗಿ ಹಾಗೆ ಮಾಡಲಿಲ್ಲ. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ನೋಡಿದಳು. ನೋಡಿದವಳೇ ಸ್ಲೈಡ್ ಹಿಡಿದುಕೊಂಡು ಡ್ಯೂಟಿ ಡಾಕ್ಟರ್ ಹತ್ತಿರ ಓಡಿದಳು.

ಆ ಡ್ಯೂಟಿ ಡಾಕ್ಟರಿಗೂ ಕೈ ಮುಗಿಯುತ್ತೇನೆ. "ಇದು ಡೆಂಗಿ ಅಲ್ಲ ಕಣಮ್ಮ. ಮನೆಗೆ ಹೋಗ್ಬೇಡಿ. ಬಟ್ಟೆ ತಗೊಂಡು ಬರ್ತೀವಿ, ಬೆಳಗ್ಗೆ ಹೋಗ್ತೀವಿ ಅನ್ಬೇಡಿ. ಈಗಲೇ ರಕ್ತದ ಡಾಕ್ಟರ್ ಇರೋ ದೊಡ್ಡ ಆಸ್ಪತ್ರೆಗೆ ಹೊರಡಿ. ಬೈಕ್ ಬೇಡ" ಅಂದರು. ತಾವೇ ಅಲ್ಲಿಗೆ ಫೋನ್ ಮಾಡಿ, ಯಾವ ಸಂಶಯ ಅಂತ ತಿಳಿಸಿದರು. ಆಮೇಲೆ ನಮಗೆ ಗೊತ್ತಾಯಿತು, ಈ ಕಾಯಿಲೆಯಲ್ಲಿ ಜನ ಹೋಗುವುದು ಹೆಚ್ಚಾಗಿ ಶುರುವಿನ ದಿನಗಳಲ್ಲೇ, ಅದೂ ಮೆದುಳಿನಲ್ಲಿ ರಕ್ತ ಸೋರಿ. ಬೆಳಗಾಗಲಿ ಅಂತ ಕಾಯುವ ಕಾಯಿಲೆ ಇದಲ್ಲ.

ದೊಡ್ಡ ಆಸ್ಪತ್ರೆಯ ಹೆಸರನ್ನಾಗಲಿ ಡಾಕ್ಟರ ಹೆಸರನ್ನಾಗಲಿ ಹಾಕುತ್ತಿಲ್ಲ. ಬೇಡ ಅಂತ ಅವರೇ ಹೇಳಿದ್ದಾರೆ. ಆದರೆ ಆ ರಾತ್ರಿ ಅವರು ಏನು ಮಾಡಿದರು ಅಂತ ಹೇಳಲೇಬೇಕು. ಕಾಯಿಲೆ ಇದೇ ಅಂತ ಖಾತ್ರಿಯಾಗಲು ಜೀನಿನ ಟೆಸ್ಟ್ ಬೇಕು, ಅದರ ರಿಪೋರ್ಟ್ ತಕ್ಷಣ ಬರುವುದಿಲ್ಲ. ಅವರು ರಿಪೋರ್ಟಿಗೆ ಕಾಯಲಿಲ್ಲ. ಸ್ಲೈಡ್ ನೋಡಿದರು, ರಕ್ತ ಹೆಪ್ಪುಗಟ್ಟುವ ಟೆಸ್ಟ್ ನೋಡಿದರು, ಕ್ಯಾಪ್ಸೂಲ್ ಬರೆದರು. ಅಷ್ಟು ಹೊತ್ತಿನಲ್ಲಿ ಅದನ್ನು ಹುಡುಕಿ ತಂದುಕೊಟ್ಟ ಫಾರ್ಮಸಿಯ ಅಣ್ಣನಿಗೂ ನನ್ನ ನಮಸ್ಕಾರ. ಸಣ್ಣ ಮೆತ್ತನೆ ಕ್ಯಾಪ್ಸೂಲ್. ಹೆಸರು ಆಲ್ ಟ್ರಾನ್ಸ್ ರೆಟಿನೋಯಿಕ್ ಆಸಿಡ್, ಎಲ್ಲರ ಬಾಯಲ್ಲಿ ಆಟ್ರಾ. ವಿಟಮಿನ್ ಎ ಮನೆತನದ್ದು.

ಕ್ಯಾನ್ಸರ್ ಅಂದಮೇಲೆ ಕೀಮೋ ಕೊಡುತ್ತಾರೆ, ಕೂದಲು ಉದುರುತ್ತೆ ಅಂತ ಅಮ್ಮ ಅಳುತ್ತಾ ಕೂತಿದ್ದರು. ಡಾಕ್ಟರ್ ಅವರ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತು ಹೇಳಿದ್ದನ್ನು ನನಗೆ ನೆನಪಿರುವಷ್ಟು ಬರೆಯುತ್ತೇನೆ. ಬಿಳಿ ರಕ್ತಕಣಗಳು ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುತ್ತವೆ, ಹಂತ ಹಂತವಾಗಿ ಬಲಿಯುತ್ತವೆ, ಕೊನೆಗೆ ನ್ಯೂಟ್ರೋಫಿಲ್ ಆಗಿ ರಕ್ತಕ್ಕೆ ಇಳಿದು ಸೋಂಕಿನ ಜೊತೆ ಹೋರಾಡಿ ಕೆಲವೇ ದಿನಗಳಲ್ಲಿ ಸಾಯುತ್ತವೆ. ನಡುವಿನ ಒಂದು ಹಂತದ ಹೆಸರು ಪ್ರೊಮೈಲೊಸೈಟ್. "ನಿಮ್ಮ ಮಗನ ಕಣಗಳು ಒಂದೇ ಕ್ಲಾಸಿನಲ್ಲಿ ನಿಂತುಬಿಟ್ಟಿವೆ ಅಮ್ಮಾ. ಪಾಸೂ ಆಗಲ್ಲ, ಸ್ಕೂಲೂ ಬಿಡಲ್ಲ. ಹೊಸಬರು ಬರ್ತಾನೇ ಇರ್ತಾರೆ, ಕ್ಲಾಸ್ ತುಂಬಿ ಬೇರೆಯವರಿಗೆ ಜಾಗ ಇಲ್ಲ. ನಾವು ಅವನ್ನ ಹೊಡೆದು ಓಡಿಸೋಕೆ ಹೋಗ್ತಿಲ್ಲ, ಪಾಸ್ ಮಾಡಿಸ್ತೀವಿ." ಅಮ್ಮ ಕಣ್ಣು ಒರೆಸಿಕೊಂಡು, "ಮಾಡ್ಸಿ ಸಾರ್" ಅಂದರು.

ಯಾಕೆ ನಿಂತವು ಅಂತ ನೆಂಟರೆಲ್ಲ ಕೇಳಿದ್ದಿರಿ. ಏನು ತಿಂದ, ಯಾರ ಕಡೆಯಿಂದ ಬಂತು ಅಂತ. ಯಾರ ಕಡೆಯಿಂದಲೂ ಬಂದಿಲ್ಲ. ಇದು ವಂಶದಲ್ಲಿ ಬರುವ ಕಾಯಿಲೆ ಅಲ್ಲ. ಮಜ್ಜೆಯ ಯಾವುದೋ ಒಂದು ಕಣದಲ್ಲಿ 15ನೇ ಮತ್ತು 17ನೇ ಕ್ರೋಮೋಸೋಮುಗಳು ಮುರಿದು, ತುಂಡುಗಳು ಅದಲುಬದಲಾಗಿ ಅಂಟಿಕೊಳ್ಳುತ್ತವೆ. ಇದನ್ನು 1977ರಲ್ಲಿ ಷಿಕಾಗೋದ ಜಾನೆಟ್ ರೌಲಿ ಮತ್ತು ಅವರ ಜೊತೆಯವರು ತೋರಿಸಿದರು. ಹಾಗೆ ಅಂಟಿದ ಜಾಗದಲ್ಲಿ ಎರಡು ಜೀನುಗಳು ಸೇರಿ ಒಂದು ಹೊಸ ಪ್ರೋಟೀನ್ ಹುಟ್ಟುತ್ತೆ. ಕಣ ಬಲಿಯಲು ಬೇಕಾದ ಜೀನುಗಳ ಮೇಲೆ ಅದು ಕೂತು ಅವುಗಳ ಕೆಲಸ ನಿಲ್ಲಿಸುತ್ತೆ. ದೇಹದಲ್ಲಿ ಸಹಜವಾಗಿ ಇರುವಷ್ಟು ರೆಟಿನೋಯಿಕ್ ಆಸಿಡ್‌ಗೆ ಅದು ಜಗ್ಗುವುದಿಲ್ಲ. ಔಷಧದ ಪ್ರಮಾಣದಲ್ಲಿ ಕೊಟ್ಟಾಗ ಬಿಡುತ್ತೆ, ಕಣ ಮತ್ತೆ ಬಲಿಯುವ ದಾರಿ ಹಿಡಿಯುತ್ತೆ. ಹಾಗಂತ ಕ್ಯಾರೆಟ್ ಜ್ಯೂಸ್ ಕುಡಿದರೆ, ವಿಟಮಿನ್ ಎ ಮಾತ್ರೆ ನುಂಗಿದರೆ ಈ ಕೆಲಸ ಆಗುವುದಿಲ್ಲ. ಪ್ರೀತಿಯಿಂದ ಕ್ಯಾರೆಟ್ ತಂದುಕೊಟ್ಟವರಿಗೆ ಬೇಸರ ಆಗದಿರಲಿ. ಅಷ್ಟನ್ನೂ ನಾವು ಪಲ್ಯ ಮಾಡಿ ತಿಂದಿದ್ದೇವೆ.

ಈಗ ಪ್ಲೇಟ್‌ಲೆಟ್ ಕೊಟ್ಟವರ ಮಾತು. ಇದನ್ನು ಬರೆಯುವಾಗ ಕೈ ನಡುಗುತ್ತೆ.

ಆ ಎಳೆ ಕಣಗಳ ಒಳಗೆ ಸಣ್ಣ ಸಣ್ಣ ಕಾಳುಗಳಿರುತ್ತವೆ. ಕಣ ಒಡೆದಾಗ ಅದರಿಂದ ಹೊರಬರುವ ಪದಾರ್ಥಗಳು ರಕ್ತವನ್ನು ಅಲ್ಲಲ್ಲಿ ಹೆಪ್ಪುಗಟ್ಟಿಸುತ್ತವೆ. ಹಾಗೆ ಹೆಪ್ಪುಗಟ್ಟಿ ಹೆಪ್ಪುಗಟ್ಟಿ, ನಿಜವಾಗಿ ಬೇಕಾದ ಕಡೆ ರಕ್ತ ನಿಲ್ಲಿಸಲು ಏನೂ ಉಳಿದಿರುವುದಿಲ್ಲ. ಅದಕ್ಕೇ ಒಸಡಿನ ರಕ್ತ, ಅದಕ್ಕೇ ನೀಲಿ ಕಲೆ. ಆಟ್ರಾ ಕೆಲಸ ಶುರುಮಾಡಿ ಇದು ಹತೋಟಿಗೆ ಬರುವ ತನಕ ಹೊರಗಿನಿಂದ ಪ್ಲೇಟ್‌ಲೆಟ್, ಪ್ಲಾಸ್ಮಾ, ಕ್ರಯೋ (ಪ್ಲಾಸ್ಮಾದಿಂದ ತೆಗೆದ, ರಕ್ತ ಹೆಪ್ಪುಗಟ್ಟಿಸುವ ಅಂಶ) ಕೊಡುತ್ತಾ ರೋಗಿಯನ್ನು ಹಿಡಿದು ನಿಲ್ಲಿಸಬೇಕು. ಪ್ಲೇಟ್‌ಲೆಟ್ 5 ದಿನಕ್ಕಿಂತ ಜಾಸ್ತಿ ಇಡಲಾಗುವುದಿಲ್ಲ. ಡೆಂಗಿ ಸೀಸನ್ ಬೇರೆ. ಬ್ಲಡ್ ಬ್ಯಾಂಕಿನಲ್ಲಿ ಎಲ್ಲರಿಗೂ ಅದೇ ಬೇಕು. "ಡೋನರ್ ಕರ್ಕೊಂಡು ಬನ್ನಿ" ಅಂದರು.

ತಮ್ಮನ ಅಂಗಡಿಯ ಯಜಮಾನರಿಗೆ ಒಂದು ಫೋನ್ ಮಾಡಿದೆ, ಅಷ್ಟೇ. ಅವರು ಬೀದಿಯ ಅಂಗಡಿಯವರಿಗೆಲ್ಲ ಹೇಳಿದರು. ಪುಸ್ತಕ ಕೊಳ್ಳಲು ಬರುವ ಹಾಸ್ಟೆಲ್ ಹುಡುಗರಿಗೆ ಹೇಳಿದರು. ಬೆಳಗಾಗುವಷ್ಟರಲ್ಲಿ ಬ್ಲಡ್ ಬ್ಯಾಂಕಿನ ಮುಂದೆ ನಮಗೆ ಪರಿಚಯವೇ ಇಲ್ಲದ ಹುಡುಗರು ನಿಂತಿದ್ದರು. ಒಬ್ಬ ಯಲಹಂಕದಿಂದ ಮೊದಲ ಬಸ್ಸಿಗೆ ಬಂದಿದ್ದ. ಒಬ್ಬನ ನರ ಸಣ್ಣ ಅಂತ ವಾಪಸ್ ಕಳಿಸಿದಾಗ ಅವನು ಅಳುವ ಹಾಗಾಗಿ, ರೂಮಿನ ಗೆಳೆಯನನ್ನು ಕರೆತಂದ. ಒಂದು ಕೈಯಿಂದ ರಕ್ತ ಮೆಷಿನ್ನಿಗೆ ಹೋಗಿ, ಪ್ಲೇಟ್‌ಲೆಟ್ ಮಾತ್ರ ತೆಗೆದುಕೊಂಡು ಉಳಿದದ್ದನ್ನು ವಾಪಸ್ ಬಿಡುತ್ತಾರೆ. ಒಂದು ಗಂಟೆ, ಒಂದೂವರೆ ಗಂಟೆ ಅಲ್ಲಾಡದೆ ಮಲಗಬೇಕು. ತುಟಿ ಜುಮ್ಮೆನ್ನುತ್ತೆ, ಚಳಿ ಆಗುತ್ತೆ. ಅಷ್ಟನ್ನೂ ಸಹಿಸಿ ಕೊಟ್ಟು, ಬಿಸ್ಕೆಟ್ ತಿಂದು, "ಅಕ್ಕಾ, ಮತ್ತೆ ಬೇಕಾದ್ರೆ ಹೇಳಿ, ಬರ್ತೀನಿ" ಅಂತ ಹೇಳಿ ಹೊರಟುಹೋದರು. ಗೋಧಿ ಬಣ್ಣದ ಆ ಚೀಲ ವಾರ್ಡಿಗೆ ಬಂದು, ತಮ್ಮನ ಕೈಗೆ ಹನಿ ಹನಿ ಇಳಿಯುವುದನ್ನು ನೋಡುತ್ತಾ ನಾನು ಚೀಲದ ಮೇಲಿನ ನಂಬರ್ ಓದುತ್ತಿದ್ದೆ. ಹೆಸರು ಬರೆದಿರುವುದಿಲ್ಲ, ನಂಬರ್ ಮಾತ್ರ. ಆ ಹುಡುಗರಲ್ಲಿ ಯಾರಿಗಾದರೂ ಈ ಬರಹ ತಲುಪಿದರೆ ಒಮ್ಮೆ ಮನೆಗೆ ಬನ್ನಿ. ಅಮ್ಮ ನಿಮ್ಮನ್ನೆಲ್ಲ ಕೂರಿಸಿ ಊಟ ಹಾಕಬೇಕು ಅಂತ ಕಾಯುತ್ತಿದ್ದಾರೆ.

ಇಲ್ಲಿಗೆ ಕಷ್ಟ ಮುಗಿಯಲಿಲ್ಲ. ಔಷಧ ಕೆಲಸ ಮಾಡತೊಡಗಿದ್ದೇ ಇನ್ನೊಂದು ಕಷ್ಟಕ್ಕೆ ಕಾರಣವಾಯಿತು. ಬಿಳಿ ಕಣಗಳ ಲೆಕ್ಕ ಇಳಿಯುವ ಬದಲು ಏರಿತು. ಜ್ವರ ಬಂತು, ಪಾದ ಊದಿಕೊಂಡವು, ಒಂದು ರಾತ್ರಿ ಉಸಿರಾಡಲು ಒದ್ದಾಡಿದ. ಕಣಗಳು ಗುಂಪಾಗಿ ಬಲಿಯುವಾಗ ಶ್ವಾಸಕೋಶಕ್ಕೆ ನುಗ್ಗಬಹುದು, ರಕ್ತನಾಳದಿಂದ ನೀರು ಸೋರಬಹುದು. ಡಿಫರೆನ್ಸಿಯೇಷನ್ ಸಿಂಡ್ರೋಮ್ ಅನ್ನುತ್ತಾರೆ. ಇದನ್ನು ಮೊದಲು ಹಿಡಿದವರು ರಾತ್ರಿ ಪಾಳಿಯ ಸಿಸ್ಟರ್. ದಿನಾ ಬೆಳಗ್ಗೆ ಸಂಜೆ ಅವನ ತೂಕ ನೋಡುತ್ತಿದ್ದವರು ಅವರೇ. ತೂಕ ಜಾಸ್ತಿಯಾದದ್ದನ್ನು ಗಮನಿಸಿ, ಉಸಿರಿನ ಲೆಕ್ಕ ನೋಡಿ, ಎಕ್ಸ್‌ರೇಗೆ ಕಾಯದೆ ಡಾಕ್ಟರನ್ನು ನಿದ್ದೆಯಿಂದ ಎಬ್ಬಿಸಿದರು. ಅರ್ಧ ಗಂಟೆಯೊಳಗೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಶುರುವಾಯಿತು, ಮಾಸ್ಕಿನಲ್ಲಿ ಆಕ್ಸಿಜನ್ ಬಂತು. ಬೆಳಗಿನ ತನಕ ಆ ಸಿಸ್ಟರ್ ಅವನ ಹಾಸಿಗೆ ಬಿಟ್ಟು ಕದಲಲಿಲ್ಲ. ಸಿಸ್ಟರ್, ನೀವು ಮಂಗಳೂರಿನ ಕಡೆಯವರು ಅಂತ ಮಾತಿನಲ್ಲೇ ಗೊತ್ತಾಗಿತ್ತು, ಬೇರೇನೂ ಕೇಳಲು ಆಗಲಿಲ್ಲ. ನಿಮ್ಮ ಹೆಸರಿನಲ್ಲಿ ಅಜ್ಜಿ ದಿನಾ ದೀಪ ಹಚ್ಚುತ್ತಾರೆ.

ಅವನು ಸ್ವಲ್ಪ ಸುಧಾರಿಸಿಕೊಂಡ ಮೇಲೆ ಪೆಥಾಲಜಿ ಮೇಡಂ ಒಂದು ದಿನ ನನ್ನನ್ನು ಒಳಗೆ ಕರೆದರು. ಕಂಪ್ಯೂಟರ್ ತೆರೆಯ ಮೇಲೆ ಅವನ ರಕ್ತ ದೊಡ್ಡದಾಗಿ ಕಾಣುತ್ತಿತ್ತು. ಮೊದಲ ದಿನದ ಸ್ಲೈಡ್ ತೋರಿಸಿದರು. ದಪ್ಪ ದಪ್ಪ ಕಣಗಳು, ಒಳಗೆಲ್ಲ ನೇರಳೆ ಕಾಳುಗಳು, ನಡುವೆ ಸಣ್ಣ ಕೆಂಪು ಕಡ್ಡಿಗಳು. ಆ ಕಡ್ಡಿಗಳಿಗೆ ಔವರ್ ರಾಡ್ ಅಂತ ಹೆಸರು. ಒಳ್ಳೆ ಕಣಗಳಲ್ಲಿ ಅವು ಇರುವುದಿಲ್ಲ. ಆಮೇಲೆ ಹೊಸ ಸ್ಲೈಡ್ ಹಾಕಿದರು. ಒಂದು ಕಣದ ಮೇಲೆ ಬಾಣ ನಿಲ್ಲಿಸಿ, "ಇದರ ನ್ಯೂಕ್ಲಿಯಸ್ ನೋಡಿ, ಮೂರು ಹೋಳಾಗಿದೆ. ಬಲಿತ ನ್ಯೂಟ್ರೋಫಿಲ್. ಆದ್ರೆ ಇಲ್ಲಿ ನೋಡಿ" ಅಂದರು. ಬಲಿತ ಆ ಕಣದ ಒಳಗೆ ಒಂದು ಕೆಂಪು ಕಡ್ಡಿ ಇನ್ನೂ ಉಳಿದಿತ್ತು. ಅಂದರೆ ಅದು ಎಲ್ಲಿಂದಲೋ ಬಂದ ಹೊಸ ಒಳ್ಳೆ ಕಣ ಅಲ್ಲ. ಮೊನ್ನೆ ತನಕ ಕ್ಯಾನ್ಸರ್ ಆಗಿದ್ದ ಕಣವೇ. ಅದೇ ಬಲಿತು ನಿಂತಿತ್ತು. ಇನ್ನು ಅದೂ ಎಲ್ಲ ನ್ಯೂಟ್ರೋಫಿಲ್‌ಗಳ ಹಾಗೆ ತನ್ನ ಪಾಡಿಗೆ ತಾನು ಸಾಯುತ್ತೆ. ನಾನು ಎಷ್ಟು ಹೊತ್ತು ಅದನ್ನೇ ನೋಡಿದೆನೋ, ಮೇಡಂ ಅವಸರ ಮಾಡಲಿಲ್ಲ. ನಿಮ್ಮ ಕೆಲಸ ಬಿಟ್ಟು ನನಗೆ ಅದನ್ನು ತೋರಿಸಿದ್ದಕ್ಕೆ ತುಂಬಾ ಥ್ಯಾಂಕ್ಸ್ ಮೇಡಂ. ಅವತ್ತಿನಿಂದ ನನಗೆ ಧೈರ್ಯ ಬಂತು.

ಕ್ಯಾನ್ಸರ್ ಕಣವನ್ನು ಕೊಲ್ಲದೆ ಬಲಿಸಬಹುದು ಅಂತ ಮೊದಲು ಯೋಚಿಸಿದವರಿಗೆ ನಾನು ಎಲ್ಲಿ ಹೋಗಿ ಥ್ಯಾಂಕ್ಸ್ ಹೇಳಲಿ? ಇಲ್ಲೇ ಹೇಳುತ್ತೇನೆ. 1971ರಲ್ಲಿ ಅಮೆರಿಕದ ಷಾರ್ಲಟ್ ಫ್ರೆಂಡ್ ಇಲಿಯ ಲ್ಯುಕೇಮಿಯಾ ಕಣಗಳಿಗೆ ಒಂದು ರಾಸಾಯನಿಕ ಹಾಕಿ, ಅವು ಹಿಮೋಗ್ಲೋಬಿನ್ ಮಾಡುವ ಹಾಗೆ ಮಾಡಿದರು. ಇಸ್ರೇಲಿನ ಲಿಯೋ ಸ್ಯಾಕ್ಸ್ ವರ್ಷಗಟ್ಟಲೆ ಇದೇ ಕೆಲಸದ ಹಿಂದೆ ಬಿದ್ದಿದ್ದರು. 1980ರ ಹೊತ್ತಿಗೆ ಥಿಯೋಡರ್ ಬ್ರೈಟ್‌ಮನ್ ಮತ್ತು ಜೊತೆಯವರು ರೆಟಿನೋಯಿಕ್ ಆಸಿಡ್ ಹಾಕಿದರೆ ಮನುಷ್ಯರ ಲ್ಯುಕೇಮಿಯಾ ಕಣಗಳು ಗಾಜಿನ ತಟ್ಟೆಯಲ್ಲಿ ಬಲಿಯುತ್ತವೆ ಅಂತ ಕಂಡರು. ತಟ್ಟೆಯಿಂದ ಮನುಷ್ಯರ ತನಕ ತಂದವರು ಶಾಂಘೈನ ರುಯಿಜಿನ್ ಆಸ್ಪತ್ರೆಯ ಡಾಕ್ಟರ್ ವಾಂಗ್ ಝೆನ್‌ಯಿ. 1985ರಲ್ಲಿ ಐದು ವರ್ಷದ ಒಂದು ಹುಡುಗಿಗೆ, ಬೇರೆ ದಾರಿ ಉಳಿಯದೇ ಇದ್ದಾಗ, ಆಟ್ರಾ ಕೊಟ್ಟರು. ಆ ಮಗು ಉಳಿಯಿತು. 1988ರಲ್ಲಿ ಅವರ ತಂಡ 24 ರೋಗಿಗಳ ವಿವರ ಬರೆಯಿತು. 23 ಜನರಿಗೆ ಬರೀ ಆಟ್ರಾದಿಂದಲೇ ಕಾಯಿಲೆ ಹಿಂದೆ ಸರಿದಿತ್ತು. ಆ ಮಗುವಿಗೆ ಔಷಧ ಕೊಡಲು ಒಪ್ಪಿದ ತಂದೆತಾಯಿ ಯಾರೋ, ಹೇಗಿದ್ದಾರೋ. ನಮ್ಮ ಮನೆಯವರೆಲ್ಲರ ಪರವಾಗಿ ಅವರಿಗೆ ಶರಣು.

ಬರೀ ಆಟ್ರಾ ಕೊಟ್ಟರೆ ಕಾಯಿಲೆ ಕೆಲವು ತಿಂಗಳಲ್ಲಿ ಮರಳಿ ಬರುತ್ತಿತ್ತು. ಅದಕ್ಕೆ ಕೀಮೋ ಸೇರಿಸಿದರು. ಆಮೇಲೆ ಬಂದಿದ್ದು ಆರ್ಸೆನಿಕ್. ಇದನ್ನು ಕೇಳಿ ಅಜ್ಜಿ ಎದೆ ಹಿಡಿದುಕೊಂಡರು. "ಪಾಷಾಣ ಹಾಕ್ತಾರೇನೇ ಮಗೂಗೆ?" ಹೌದು, ಅದೇ ಪಾಷಾಣ. ಚೀನಾದ ಹಾರ್ಬಿನ್‌ನಲ್ಲಿ ಝಾಂಗ್ ಟಿಂಗ್‌ಡಾಂಗ್ ಎಂಬ ಡಾಕ್ಟರ್ ಮತ್ತು ಜೊತೆಯವರು 1970ರ ದಶಕದಲ್ಲಿ ಒಂದು ನಾಟಿ ಔಷಧದಿಂದ ಶುರುಮಾಡಿ, ಕೆಲಸ ಮಾಡುತ್ತಿರುವುದು ಅದರೊಳಗಿನ ಆರ್ಸೆನಿಕ್ ಅಂತ ಬಿಡಿಸಿ ತೆಗೆದರು. ಆಟ್ರಾ ಆ ಕೆಟ್ಟ ಪ್ರೋಟೀನಿನ ಒಂದು ತುದಿ ಹಿಡಿದರೆ ಆರ್ಸೆನಿಕ್ ಇನ್ನೊಂದು ತುದಿ ಹಿಡಿಯುತ್ತೆ. ಇಬ್ಬರೂ ಸೇರಿ ಅದನ್ನು ಕರಗಿಸಿಬಿಡುತ್ತಾರೆ. 60 ಕೆಜಿ ತೂಕದ ತಮ್ಮನಿಗೆ ದಿನಕ್ಕೆ 9 ಮಿಲಿಗ್ರಾಂ, ಡ್ರಿಪ್ಪಿನಲ್ಲಿ ನಿಧಾನವಾಗಿ. ಹೃದಯದ ಮೇಲೆ ಕಣ್ಣಿಡಲು ಮತ್ತೆ ಮತ್ತೆ ಇಸಿಜಿ, ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಲೆಕ್ಕ. ಇದನ್ನು ಓದಿ ದಯವಿಟ್ಟು ಯಾರೂ ಆರ್ಸೆನಿಕ್ ಇರುವ ಭಸ್ಮ, ಪುಡಿ ಅಂತ ಹುಡುಕಿಕೊಂಡು ಹೋಗಬೇಡಿ. ಮೈಯೊಳಗೆ ಎಷ್ಟು ಹೋಗುತ್ತಿದೆ ಅಂತ ಅಳತೆ ಇಲ್ಲದಿದ್ದರೆ ಅದು ವಿಷವೇ.

ನಮ್ಮ ಪಕ್ಕದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರಿಗೆ ವಿಶೇಷ ಥ್ಯಾಂಕ್ಸ್ ಹೇಳಬೇಕು. ಡಾ. ವಿಕ್ರಂ ಮ್ಯಾಥ್ಯೂಸ್ ಮತ್ತು ಸಂಗಡಿಗರು 1998ರಿಂದ 2004ರ ತನಕ 72 ಹೊಸ ರೋಗಿಗಳಿಗೆ ಬರೀ ಆರ್ಸೆನಿಕ್ ಕೊಟ್ಟು ನೋಡಿದರು. 62 ಜನರಲ್ಲಿ ಕಾಯಿಲೆ ಹಿಂದೆ ಸರಿಯಿತು. ದುಬಾರಿ ಔಷಧ ಕೊಳ್ಳಲಾಗದ ನಮ್ಮಂಥವರ ದೇಶದಲ್ಲಿ ಅದು ಎಷ್ಟು ದೊಡ್ಡ ಮಾತು! 2013ರಲ್ಲಿ ಇಟಲಿಯ ಫ್ರಾಂಚೆಸ್ಕೋ ಲೋ ಕೋಕೋ ಮತ್ತು ಜೊತೆಯವರು, ಬಿಳಿ ಕಣ ಜಾಸ್ತಿ ಇಲ್ಲದ ರೋಗಿಗಳಿಗೆ ಆಟ್ರಾ ಮತ್ತು ಆರ್ಸೆನಿಕ್ ಎರಡೇ ಸಾಕು, ಕೀಮೋ ಇಲ್ಲದೆಯೂ ಆಗುತ್ತೆ ಅಂತ ತೋರಿಸಿದರು. ಎರಡು ವರ್ಷದ ಕೊನೆಗೆ ಆ ಗುಂಪಿನ ನೂರಕ್ಕೆ 97 ಜನ ಕಾಯಿಲೆ ಮರಳದೆ ಚೆನ್ನಾಗಿದ್ದರು. ಬಿಳಿ ಕಣ 10 ಸಾವಿರದ ಒಳಗಿದ್ದರೆ ಆ ಲೆಕ್ಕಕ್ಕೆ ಬರುತ್ತಾರೆ. ಮೊದಲ ದಿನ ತಮ್ಮನದು ಅದಕ್ಕಿಂತ ಎಷ್ಟೋ ಕಮ್ಮಿ ಇತ್ತು. ಹಾಗಾಗಿ ಅವನಿಗೆ ಕೀಮೋ ಬೇಕಾಗಲಿಲ್ಲ. ಡಾಕ್ಟರ್ ಈ ಸುದ್ದಿ ಹೇಳಿದಾಗ ಅಮ್ಮ ಎದ್ದು ಹೋಗಿ ಕಾರಿಡಾರಿನ ಕೊನೆಯಲ್ಲಿ ಗೋಡೆ ಕಡೆ ತಿರುಗಿ ನಿಂತರು.

ಮನೆಗೆ ಬಂದ ಮೇಲೆ ನಡೆದದ್ದು ಒಂದೇ ಓಡಾಟ. ನಾಲ್ಕು ವಾರ, ಸೋಮವಾರದಿಂದ ಶುಕ್ರವಾರದ ತನಕ ಡೇಕೇರಿನಲ್ಲಿ ಡ್ರಿಪ್. ಆಮೇಲೆ ನಾಲ್ಕು ವಾರ ಬಿಡುವು. ಮತ್ತೆ ಶುರು. ಆಟ್ರಾದಿಂದ ತಲೆನೋವು, ಒಣಗಿ ಬಿರಿಯುವ ತುಟಿ. ನಮ್ಮ ಶ್ರೀನಗರದ ಆಟೋ ಸ್ಟ್ಯಾಂಡಿನ ಮಾಮ ಅಷ್ಟೂ ದಿನ ಬೆಳಗ್ಗೆ ಮನೆ ಮುಂದೆ ನಿಂತಿರುತ್ತಿದ್ದರು. ಮೀಟರಿನ ಮೇಲೆ ಒಂದು ರೂಪಾಯಿ ಕೇಳಲಿಲ್ಲ. ಗುಂಡಿ ಕಂಡರೆ ಇವನ ಸಲುವಾಗಿ ನಿಧಾನ ಮಾಡುತ್ತಿದ್ದರು. ಎದುರುಮನೆ ಆಂಟಿ ಮಧ್ಯಾಹ್ನದ ಊಟದ ಯೋಚನೆಯನ್ನೇ ನಮ್ಮಿಂದ ತೆಗೆದುಹಾಕಿದರು. ಆಸ್ಪತ್ರೆಯ ಸೋಷಿಯಲ್ ವರ್ಕರ್ ಮೇಡಂ ಕಾರ್ಡಿನ ಕಾಗದಪತ್ರಗಳಿಗೆ ನಮ್ಮಷ್ಟೇ ಅಲೆದರು. ಅಂಗಡಿಯ ಯಜಮಾನರು ಸಂಬಳ ನಿಲ್ಲಿಸಲಿಲ್ಲ. "ಅವನ ಕುರ್ಚಿ ಅವನಿಗೇ" ಅಂದರು. ಸಾರ್, ಈ ಋಣ ನಾವು ತೀರಿಸಲಾರೆವು.

ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ ಹುಡುಗನ ಬಗ್ಗೆ ಹೇಳದೆ ಇದನ್ನು ಮುಗಿಸಲಾರೆ. ಅವನಿಗೂ ಅಕ್ಯೂಟ್ ಲ್ಯುಕೇಮಿಯಾ, ಆದರೆ ಬೇರೆ ಬಗೆ. ನಿಮ್ಮ ಹುಡುಗನಿಗೆ ಕೊಟ್ಟ ಕ್ಯಾಪ್ಸೂಲ್ ನಮ್ಮವನಿಗೂ ಕೊಡಿಸಿ ಅಂತ ಅವನ ತಾಯಿ ಡಾಕ್ಟರನ್ನು ಕೇಳಿದರು. ಆಟ್ರಾ ಎಲ್ಲ ಲ್ಯುಕೇಮಿಯಾಗಳಿಗೂ ಹೀಗೆ ಕೆಲಸ ಮಾಡುವುದಿಲ್ಲ. ಅವನಿಗೆ ಕೀಮೋನೇ ಆಯಿತು, ಈಗ ಮಜ್ಜೆ ಕಸಿಗೆ ತಯಾರಿ ನಡೆದಿದೆ. ಬೇರೆ ಬಗೆಗಳಿಗೂ ಕಣ ಬಲಿಸುವ ಔಷಧಗಳು ಬರುತ್ತಿವೆ ಅಂತ ಡಾಕ್ಟರ್ ಹೇಳಿದರು. ಐಡಿಎಚ್ ಎಂಬ ಜೀನು ಬದಲಾದವರಿಗೆ ಅಮೆರಿಕದಲ್ಲಿ 2017ರಲ್ಲಿ ಎನಾಸಿಡೆನಿಬ್, 2018ರಲ್ಲಿ ಐವೊಸಿಡೆನಿಬ್ ಒಪ್ಪಿಗೆ ಪಡೆದವು. 2024ರಲ್ಲಿ ರೆವ್ಯುಮೆನಿಬ್ ಬಂತು, ಅದು ಇನ್ನೊಂದು ಬಗೆಯವರಿಗೆ. ಇದರ ಮೇಲೆ ಕೆಲಸ ಮಾಡುತ್ತಿರುವ ಎಲ್ಲರಿಗೂ ಈಗಲೇ ಥ್ಯಾಂಕ್ಸ್ ಹೇಳಿಬಿಡುತ್ತೇನೆ. ಆ ತಾಯಿಗೆ ನಮ್ಮ ಅಮ್ಮ ಇವತ್ತಿಗೂ ದಿನಾ ಫೋನ್ ಮಾಡುತ್ತಾರೆ.

ತಮ್ಮ ಸೋಮವಾರದಿಂದ ಅಂಗಡಿಗೆ ಹೋಗುತ್ತಾನೆ. ಲ್ಯುಕೇಮಿಯಾ ಬಂದುಹೋದವರು ರಕ್ತ ಕೊಡುವ ಹಾಗಿಲ್ಲ. ಅವನಿಗೆ ಅದೊಂದು ಬೇಜಾರು ಇದೆ. ಅವನ ಬದಲು ನಾನು, ನಮ್ಮ ಮನೆಯವರು, ಚಿಕ್ಕಪ್ಪನ ಮಕ್ಕಳು ಬ್ಲಡ್ ಬ್ಯಾಂಕಿನಲ್ಲಿ ಹೆಸರು ಬರೆಸಿದ್ದೇವೆ. ನಮ್ಮ ಮನೆಯವರು ಬಿ ಪಾಸಿಟಿವ್, ನರ ಚೆನ್ನಾಗಿದೆ, ಪ್ಲೇಟ್‌ಲೆಟ್ ಕೊಡಲು ಆಗುತ್ತೆ ಅಂದಿದ್ದಾರೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಈಗಷ್ಟೇ ಗೊತ್ತಾಗಿದ್ದರೆ ನನಗೆ ಮೆಸೇಜ್ ಮಾಡಿ. ತಮ್ಮನೇ ಬಂದು ನಿಮ್ಮವರ ಹತ್ತಿರ ಕೂತು ಮಾತಾಡುತ್ತಾನೆ. ಪ್ಲೇಟ್‌ಲೆಟ್ ಬೇಕಾದರೆ ಮೆಸೇಜ್ ಬೇಡ, ಫೋನೇ ಮಾಡಿ. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ.